ಇಪ್ಪತ್ತು ಸೆಕೆಂಡು

ಸುಲ್ತಾನ್‌ಪೇಟೆಯ ಜಬೀವುಲ್ಲಾ
ಮದುವೆ ಕಾರ್ಡುಗಳ ಕಟ್ಟಿನ ಹಿಂದಿನಿಂದ ತೆಗೆದ ಬಾಟಲಿ.
ಧೂಳು ಒರೆಸಿ ಬಿಸಿಲಿಗೆ ಹಿಡಿದ. ಬಿಸಿಲು ಆಚೆ ಬರಲಿಲ್ಲ.
"ಕಪ್ಪಾ?" ಎಂದೆ.
"ಕಪ್ಪೇ ಅನ್ನಿ. ಬರೆದು ನೋಡಿ ಮೇಡಂ, ಆಮೇಲೆ ನೀವೇ ಹೇಳಿ."
ನೂರ ಎಂಬತ್ತು. ಹತ್ತು ರೂಪಾಯಿ ಬಿಡಲಿಲ್ಲ.

ಹೇಳುತ್ತೇನೆ.
ಒದ್ದೆಯಿದ್ದಾಗ ಕಾಡಿಗೆ. ಆರಿದ ಮೇಲೆ
ಫುಟ್‌ಪಾತಿನಲ್ಲಿ ಬಿದ್ದು ತುಳಿಸಿಕೊಂಡ ನೇರಳೆ ಹಣ್ಣು.
ಫಿಲ್ಟರ್ ಕಾಗದದ ತುದಿಗೊಂದು ಹನಿ ಬಿಟ್ಟು
ಲೋಟದ ನೀರಲ್ಲಿ ನಿಲ್ಲಿಸಿದೆ,
ಅಡುಗೆಮನೆಯಲ್ಲಿ, ಕುಕ್ಕರಿನ ಎರಡು ಕೂಗಿನ ನಡುವೆ:
ಮೊದಲು ನವಿಲಿನ ಕತ್ತು ಮೇಲೇರಿತು,
ಅದರ ಬೆನ್ನಿಗೇ ಗುಲಾಬಿ, ತೆಳ್ಳಗೆ, ನಾಚಿಕೊಂಡು,
ಕೆಳಗೆ ಹಟ ಹಿಡಿದು ಕೂತದ್ದು ಬೂದು.
ಕಪ್ಪು ಎಂಬುದು ಎಲ್ಲಿಯೂ ಇರಲಿಲ್ಲ.

ಇದು ಆಟ. ಕೆಲಸ ಬೇರೆ.
ಕೆಲಸವೆಂದರೆ ಬಸ್ ಡಿಪೋದ ರಿಜಿಸ್ಟರು,
ನಸುಕಿನ ನಾಲ್ಕೂ ಮುಕ್ಕಾಲರಿಂದ
ಯಾವ ಗಾಡಿ ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು.
ಆ ಕಾಗದವೋ ಬೋಂಡಾ ಕಟ್ಟಲೂ ನಾಲಾಯಕ್ಕು.
ಹಿಂದಿನ ಇಂಕು ಅದರಲ್ಲಿ ಬೇರು ಬಿಡುತ್ತಿತ್ತು:
ಥದ ಹೊಟ್ಟೆಯ ಚುಕ್ಕಿ ಮುಳುಗಿ
ಧದ ಸೀಳು ಮುಚ್ಚಿ
ಎಲ್ಲವೂ ಬರೀ ದ,
ಒತ್ತಕ್ಷರಗಳು ಗೆರೆಯ ಕೆಳಗೆ
ಕಾಲು ಊದಿದ ಮುದುಕಿಯರು.
ಇದು ಹಾಗಲ್ಲ. ತಲೆಕಟ್ಟು ತಲೆಕಟ್ಟಾಗಿಯೇ ನಿಲ್ಲುತ್ತದೆ.
ಕಂಡಕ್ಟರ್ ಸಿದ್ಧನಾಥ ಆರು ವರ್ಷದಲ್ಲಿ ಮೊದಲ ಸಲ
ತನ್ನ ಹೆಸರನ್ನು ಪೂರ್ತಿ ಕಂಡ.

ಮಂಗಳವಾರ ಟೀ ಚೆಲ್ಲಿತು.
(ಚೆಲ್ಲಿದ್ದು ನಾನೇ. ಪರೀಕ್ಷೆಗೆ.)
ನೀಲಿಯಲ್ಲಿ ಬರೆದಿದ್ದ ಸೋಮವಾರ ತೇಲಿಹೋಯಿತು,
ಮಂಗಳವಾರ ಕೂತಲ್ಲಿಂದ ಏಳಲಿಲ್ಲ.
ಸೋಮವಾರವನ್ನು ನೆನಪಿನಿಂದ ಮತ್ತೆ ಬರೆದೆ.

ದೋಷ? ಇದೆ. ಆರಲು ಇಪ್ಪತ್ತು ಸೆಕೆಂಡು.
ಬಲಗೈಯವರಿಗೆ ಅದು ಲೆಕ್ಕಕ್ಕಿಲ್ಲ.
ನಾನು ಎಡಚಿ; ಈಗಷ್ಟೇ ಒರೆಸಿದ ನೆಲದ ಮೇಲೆ
ಮನೆಯವರು ನಡೆಯುವ ಹಾಗೆ
ಬರೆದದ್ದರ ಮೇಲೇ ನನ್ನ ಕೈ ನಡೆಯಬೇಕು.
ಸಂಜೆಗೆ ಕಿರುಬೆರಳಿನ ಅಂಚಿನಲ್ಲಿ
ಊರಿನ ಇಡೀ ಟ್ರಾಫಿಕ್ಕು.

ದೊಡ್ಡ ದೋಷ ಇನ್ನೊಂದು, ಜಬೀವುಲ್ಲಾಗೆ ಹೇಳಲಾರೆ.
ಹಳೆಯ ನೀಲಿ ಮಾತು ಕೇಳುತ್ತಿತ್ತು.
ಒದ್ದೆ ಬೆರಳು ಒತ್ತಿದರೆ ಆರು ಇಪ್ಪತ್ತು ಆರು ಹತ್ತು,
ಸುಂಕದಕಟ್ಟೆಯಲ್ಲಿ ನೀರಿನ ಟ್ಯಾಂಕರು ಮಗುಚಿದ್ದು
ಯಾರ ಸಂಬಳದಲ್ಲೂ ಕಾಣುತ್ತಿರಲಿಲ್ಲ.
ಇದು ಕೇಳುವುದಿಲ್ಲ. ಒಮ್ಮೆ ಆರಿತೋ,
ಬರೆದವಳಿಗೂ ಅದು ಮೇಲಧಿಕಾರಿ.

ಮೊನ್ನೆ ಹೊಂಬಾಳಯ್ಯ ಕಿಟಕಿಗೆ ಬಂದು ನಿಂತ.
ತಿಂಗಳಲ್ಲಿ ಮೂರನೆಯ ತಡ. ಮೂರಕ್ಕೆ ಮೆಮೊ.
ಏನೂ ಕೇಳಲಿಲ್ಲ. ಖಾಕಿಯ ಎರಡನೇ ಗುಂಡಿ ಹಾಕಿಕೊಳ್ಳುತ್ತ
ನನ್ನ ನಿಬ್ಬನ್ನೇ ನೋಡಿದ.
ಬರೆದೆ: ಆರು ಇಪ್ಪತ್ತು.
ಒಂದು. ಎರಡು. ಮೂರು.
ಆಚೆ ಎಂಜಿನ್ನೊಂದು ಕೆಮ್ಮಿ ಚಾಲೂ ಆಯಿತು.
ಎಂಟು. ಒಂಬತ್ತು.
ಅಂಕಿಯ ಮೇಲೆ ಇನ್ನೂ ಟ್ಯೂಬ್‌ಲೈಟಿನ ಹೊಳಪು.
ಹದಿನಾಲ್ಕಕ್ಕೆ ನನ್ನ ಎಡಗೈ
ಎಂದಿನಂತೆ ಮುಂದಿನ ಕಾಲಮ್ಮಿಗೆ ಹೊರಟಿತು,
ಸ್ವಲ್ಪ ಭಾರವಾಗಿ.

ಕಂಟ್ರೋಲರ್ ಪರಶಿವಮೂರ್ತಿ ಪುಸ್ತಕ ಎತ್ತಿ ಹಿಡಿದರು.
"ಏನಮ್ಮಾ ಇದು, ಹತ್ತೋ ಇಪ್ಪತ್ತೋ?"
"ಹೊಸ ಇಂಕು ಸಾರ್. ಎಡಗೈ."
ನನ್ನ ಕೈ ನೋಡಿದರು. ಕಿಟಕಿ ನೋಡಿದರು,
ಅಲ್ಲಿ ಯಾರೂ ಇರಲಿಲ್ಲ.
ಪುಟ ತಿರುವಿದರು.

ಸೋಪು, ಹುಣಿಸೆ, ನಿಂಬೆ ಸಿಪ್ಪೆ. ಹೋಗಲಿಲ್ಲ.
ಊಟಕ್ಕೆ ಮಾತ್ರ ಅಮ್ಮ ಹೊಡೆದು ಬಲಗೈ ಕಲಿಸಿದ್ದಳು;
ಅದು ಚೊಕ್ಕವಾಗಿದೆ.

ದಿನಬಳಕೆಗೆ ಆದೀತು.
ಹರಿವು ಚೆನ್ನ, ನಿಬ್ಬು ಕಟ್ಟುವುದಿಲ್ಲ, ನೀರಿಗೆ ಜಗ್ಗುವುದಿಲ್ಲ.
ತಟ್ಟನೆ ಆರುವ ಇನ್ನೊಂದು ಬಂದಿದೆಯೆಂದು
ಜಬೀವುಲ್ಲಾ ಫೋನು ಮಾಡಿದ್ದ,
ಎಡಗೈಯವರಿಗೆಂದೇ ಮಾಡಿದ್ದಂತೆ.
ಬೇಡ ಎಂದೆ. ಇದೇ ಇರಲಿ.